ಕತ್ತರಿ ಬಿದ್ದ ಉಣ್ಣೆ

ಮಕ್ಕಳೆಂದರೆ ನನಗೆ ಪ್ರಾಣ ಅಂತ ಯಾರೂ ತಪ್ಪು ತಿಳಿಯಬಾರದು. ಮಕ್ಕಳು ನನ್ನ ಕೆಲಸ. ಬಡಗಿಗೆ ಮರ ಹೇಗೋ ಹಾಗೆ. ಶಿಶುವಿಹಾರದಲ್ಲಿ ಒಂದು ಕೋಣೆ ತುಂಬ ಮೂಗು ಸೋರುವ ಮಕ್ಕಳನ್ನು ಕೂರಿಸಿಕೊಂಡು, ಯಾರ ಕಣ್ಣಿಗೂ ಕತ್ತರಿ ಚುಚ್ಚದಂತೆ, ಯಾರ ಹೊಟ್ಟೆಗೂ ಗೋಂದು ಹೋಗದಂತೆ ನೋಡಿಕೊಂಡು, ಮನೆಗೆ ಹೊರಡುವಾಗ ಎಲ್ಲರ ಕೈಯಲ್ಲೂ ಒಂದು ಕಾಗದದ ಹಕ್ಕಿಯೋ ಕಾಲುಚೀಲದ ಗೊಂಬೆಯೋ ಇರುವಂತೆ ಮಾಡುವುದು ಹುಡುಗಾಟವಲ್ಲ. ಅದರಲ್ಲಿ ನಾನು ಗಟ್ಟಿ. ಹಠಮಾರಿಗಳನ್ನೆಲ್ಲ ಹುಡುಕಿ ನನ್ನ ಕೋಣೆಗೇ ತಳ್ಳುತ್ತಾರೆ. ಅಂಥವಳು ಆ ಚಳಿಗಾಲದಲ್ಲಿ ಒಂದೇ ಒಂದು ಮಗುವಿನ ಮುಂದೆ ಮಣ್ಣು ಮುಕ್ಕಿದೆ.

ಮಗು ನನ್ನ ಗಂಡನ ಮೊದಲ ಹೆಂಡತಿಯದು. ಆಕೆ ತೀರಿಕೊಂಡಾಗ ಇದಕ್ಕೆ ಇನ್ನೂ ನೆಟ್ಟಗೆ ಹಲ್ಲು ಬಂದಿರಲಿಲ್ಲವಂತೆ. ಗಂಡ ಲಾರಿ ಓಡಿಸುವವರು, ಇವತ್ತು ಒಂದು ಊರು, ನಾಳೆ ಇನ್ನೊಂದು. ಕೂಸನ್ನು ಎತ್ತಿಕೊಂಡವಳು ಅವರ ಅಕ್ಕ, ಅಂದರೆ ನನ್ನ ಅತ್ತಿಗೆ. ಎದುರಿಗೆ ಅವಳನ್ನು ನಾನು ‘ನೀವು’ ಅನ್ನುತ್ತಿದ್ದೆ. ಕಥೆ ಹೇಳುವಾಗಲೂ ಆ ಮರ್ಯಾದೆ ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮದುವೆ ಮಾಡಿಕೊಳ್ಳದೆ ಉಳಿದ ಹೆಂಗಸು. ಅಂಗಡಿಗಳಿಗೆ ಕೈಯಿಂದ ಸ್ವೆಟರ್ ಹೆಣೆದು ಕೊಡುವುದು ಅವಳ ಕಸುಬು. ಹುಡುಗಿ ಸಣಕಲಾಗಿದ್ದಳೆಂದು ತನ್ನ ಹೆಣಿಗೆ ಕಡ್ಡಿಯ ಹೆಸರನ್ನೇ ಅವಳಿಗಿಟ್ಟು ‘ಕಡ್ಡಿ’ ಅಂತ ಕರೆಯುತ್ತಿದ್ದಳು. ಆ ಮನೆಯಲ್ಲಿ ಎಲ್ಲದಕ್ಕೂ ಹೆಣಿಗೆಯೇ ಅಳತೆ.

ನಮ್ಮ ಮದುವೆಯಾದ ಮೇಲಿನ ಮೊದಲ ಚಳಿ ಅದು. ಚಳಿ ಎಷ್ಟು ಜೋರಾಯಿತೆಂದರೆ ನಲ್ಲಿಯಲ್ಲಿ ನೀರು ಗಟ್ಟಿಯಾಗಿ ಶಾಲೆಗಳನ್ನೆಲ್ಲ ಮುಚ್ಚಿಸಿದರು. ಗಂಡ ನನ್ನನ್ನು ಕರೆದುಕೊಂಡು ಬಂದು ಅಕ್ಕನ ಮನೆಯ ನಡುವೆ ನಿಲ್ಲಿಸಿ, ಮೂವರಿಗೂ ಕೇಳುವಂತೆ ಹೇಳಿದರು: “ಶಾಲೆ ತೆರೆಯೋವರೆಗೂ ಇವಳು ಇಲ್ಲೇ ಇರಲಿ. ಮಗು ಇವಳಿಗೆ ಒಗ್ಗಿಕೊಂಡ್ರೆ, ನಾನು ವಾಪಸ್ ಬಂದಾಗ ಮೂರೂ ಜನ ನಮ್ಮನೆಗೆ ಹೋಗ್ತೀವಿ. ಒಗ್ಗಲಿಲ್ಲ ಅಂದ್ರೆ ಕಡ್ಡಿ ಅಕ್ಕನ ಹತ್ರಾನೇ ಬೆಳೀಲಿ. ನಾನು ಯಾರಿಗೂ ಬಲವಂತ ಮಾಡೋನಲ್ಲ.”

ಇಷ್ಟು ಹೇಳಿ, ಬೆಕ್ಕು ನಾಯಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದವರ ಹಾಗೆ, ಲಾರಿ ಹತ್ತಿ ಹೊರಟುಬಿಟ್ಟರು. ಗಂಡಸರಿಗೆ ನ್ಯಾಯ ಹೇಳುವುದು ಬಹಳ ಸುಲಭ.

ಹುಡುಗಿಯ ಮೇಲೆ ಆಗಲೇ ಮಮತೆ ಉಕ್ಕಿ ಹರಿಯುತ್ತಿತ್ತು ಅಂದರೆ ಸುಳ್ಳಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಒಂದು ಸಣ್ಣ ಮಂಚ ತರಿಸಿ, ಅದಕ್ಕೆ ನಾನೇ ಹಳದಿ ಬಣ್ಣ ಬಳಿದು, ಒಣಗಲಿ ಅಂತ ಕಿಟಕಿ ತೆರೆದಿಟ್ಟು ಬಂದಿದ್ದೆ. ಆ ಖಾಲಿ ಮಂಚದ ಪಕ್ಕದಲ್ಲಿ ಜೀವನವಿಡೀ ಓಡಾಡುವ ಗತಿ ನನಗೆ ಬೇಡವಾಗಿತ್ತು. ಮಗು ನನಗೆ ಬೇಕಿತ್ತು. ಅದನ್ನು ಗೆದ್ದೇ ಒಯ್ಯುತ್ತೇನೆ ಅನ್ನುವ ಸೊಕ್ಕೂ ಇತ್ತು.

ಅತ್ತಿಗೆಯ ಮನೆಯಲ್ಲಿ ಬೆಚ್ಚಗಿರುವ ಕೋಣೆ ಒಂದೇ. ಕಬ್ಬಿಣದ ಒಲೆಯೊಂದು ಮೂಲೆಯಲ್ಲಿ, ಕಿಟಕಿಯ ಸಂದುಗಳಿಗೆಲ್ಲ ತುರುಕಿದ ಹಳೆಯ ಬಟ್ಟೆಯ ಸುರುಳಿಗಳು, ಗೋಡೆಯುದ್ದಕ್ಕೂ ಉಣ್ಣೆಯ ಲಡಿಗಳನ್ನು ತೂಗುಹಾಕಿದ ಹಗ್ಗ. ಆ ಕೋಣೆ ಬಿಟ್ಟು ಹೊರಗೆ ಹೋದರೆ ಹಲ್ಲು ಕಟಕಟ. ಹಾಗಾಗಿ ಜಗಳವೂ ಅಲ್ಲೇ, ಊಟವೂ ಅಲ್ಲೇ, ಮುಖ ತಿರುಗಿಸಿ ಮಲಗುವುದೂ ಅಲ್ಲೇ. ಒಬ್ಬರ ಮೇಲೊಬ್ಬರು ಸಿಟ್ಟು ಮಾಡಿಕೊಂಡು ಎದ್ದು ಹೋಗುವುದಕ್ಕೂ ಜಾಗವಿಲ್ಲದಿದ್ದರೆ ಸಿಟ್ಟು ಕೊಳೆತು ನಾರುತ್ತದೆ.

ಮೊದಲ ದಿನವೇ ನಾನು ನನ್ನ ಚೀಲ ಬಿಚ್ಚಿದೆ. ಬಣ್ಣದ ಕಾಗದ, ರಟ್ಟು, ಗೋಂದು, ಮೊಂಡು ಕತ್ತರಿ, ಗುಂಡಿಗಳು. ಒಲೆಯ ಮುಂದೆ ಚಾಪೆ ಹಾಸಿ, ಶಿಶುವಿಹಾರದ ದನಿಯಲ್ಲೇ ಹೇಳಿದೆ: “ಬಾ ಮರಿ, ಚಳೀಲಿ ಬೆಚ್ಚಗೆ ಕೂತು ಒಂದು ಚಟುವಟಿಕೆ ಮಾಡೋಣ. ನನ್ನ ಹತ್ರ ಒಂದೇ ನಿಯಮ. ಹಿಡಿದ ಕೆಲಸ ಮುಗಿಸದೆ ಯಾರೂ ಚಾಪೆಯಿಂದ ಏಳಬಾರದು.”

ಅತ್ತಿಗೆ ಹೆಣಿಗೆಯಿಂದ ತಲೆಯೆತ್ತಲಿಲ್ಲ. “ಕಡ್ಡಿ, ಹೋಗಮ್ಮ,” ಅಂದಳು. “ಚಟುವಟಿಕೆ ಬಂದಿದ್ದಾಳೆ ನೋಡು.”

ಅಂದಿನಿಂದ ನನ್ನ ಹೆಸರು ಚಟುವಟಿಕೆ. ‘ಚಟುವಟಿಕೆಗೆ ಚಹಾ ಕೊಡು’, ‘ಚಟುವಟಿಕೆ ಇನ್ನೂ ಎದ್ದಿಲ್ವಾ’, ‘ಚಟುವಟಿಕೆ ಪಾತ್ರೆ ತೊಳೆದ್ರೆ ಇನ್ನೊಂದ್ಸಲ ತೊಳೀಬೇಕು’. ಹುಡುಗಿಗೆ ನನ್ನನ್ನು ಚಿಕ್ಕಮ್ಮ ಅನ್ನು ಅಂತ ಅಪ್ಪ ಹೇಳಿ ಹೋಗಿದ್ದರು. ಅವಳು ಅದನ್ನೂ ಅನ್ನಲಿಲ್ಲ, ಚಟುವಟಿಕೆ ಅಂತಲೂ ಅನ್ನಲಿಲ್ಲ. ನನ್ನ ಜೊತೆ ಮಾತೇ ಆಡಲಿಲ್ಲ. ಏನಾದರೂ ಬೇಕಾದರೆ ನನ್ನ ತಲೆಯ ಮೇಲಿಂದ ಹಾಯಿಸಿ ಅತ್ತೆಯನ್ನು ಕೇಳುತ್ತಿದ್ದಳು.

ಕಾಗದದ ಹಕ್ಕಿ ಮಾಡಿಕೊಟ್ಟೆ. ಒಂದೊಂದನ್ನೇ ರೆಕ್ಕೆ ಹಿಡಿದು ಒಲೆಯೊಳಗೆ ಬಿಟ್ಟು, ಸುಟ್ಟು ಸುರುಟಿಕೊಳ್ಳುವುದನ್ನು ಶ್ರದ್ಧೆಯಿಂದ ನೋಡಿದಳು. ರಟ್ಟಿನ ಪೆಟ್ಟಿಗೆಯಲ್ಲಿ ಮನೆ ಕಟ್ಟಿ, ಕಿಟಕಿ ಕೊರೆದು, ಬಾಗಿಲಿಗೆ ಗುಂಡಿ ಅಂಟಿಸಿದೆ. ಬೆಳಗ್ಗೆ ನೋಡಿದರೆ ಆ ಮನೆಯೊಳಗೆ ಒಲೆಯ ಬೂದಿ ತುಂಬಿತ್ತು. ಕಾಲುಚೀಲದ ಗೊಂಬೆ ಮಾಡಿ, ಕಣ್ಣು ಹೊಲಿದು, ದನಿ ಬದಲಿಸಿ ಆಡಿಸಿ ತೋರಿಸಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣು ಕಿತ್ತು ಪಕ್ಕಕ್ಕಿಟ್ಟು, ಕಾಲಿಗೆ ಹಾಕಿಕೊಂಡಳು. ಅತ್ತಿಗೆ ಕೆಮ್ಮಿದಳು. ಅದು ಕೆಮ್ಮಲ್ಲ, ನಗು. ಅಷ್ಟು ಗೊತ್ತಾಗದಷ್ಟು ನಾನು ಪೆದ್ದಿಯಲ್ಲ.

“ಮಕ್ಕಳನ್ನ ನಿಭಾಯಿಸೋದು ಕಲಿಯೋಕೆ ಪರೀಕ್ಷೆ ಬೇರೆ ಪಾಸು ಮಾಡಿದ್ದೀಯಂತೆ,” ಅಂದಳು.

“ಮಾಡಿದ್ದೀನಿ ಅತ್ತಿಗೆ. ಮಕ್ಕಳನ್ನ ಹಾಳು ಮಾಡೋದಕ್ಕೆ ಪರೀಕ್ಷೆ ಇಲ್ಲ ನೋಡಿ, ಯಾರು ಬೇಕಾದ್ರೂ ಮಾಡಬಹುದು.”

ಅಂದಿನ ಊಟದಲ್ಲಿ ನನ್ನ ಪಾಲಿಗೆ ತಳ ಹಿಡಿದದ್ದೇ ಬಂತು.

ಅವಳ ಕೆಲಸವನ್ನೂ ನಾನು ಬೇಡವೆಂದರೂ ನೋಡಬೇಕಿತ್ತು. ಹುಡುಗಿ ಎರಡೂ ಕೈ ಚಾಚಿ ಕೂರುವಳು, ಅತ್ತಿಗೆ ಅವಳ ಕೈಗಳಿಗೆ ಲಡಿ ತೊಡಿಸಿ ಉಂಡೆ ಸುತ್ತುವಳು. ದಾರ ಮುಗಿದು ಹೊಸ ದಾರ ಸೇರಿಸಬೇಕಾದಾಗ ಗಂಟು ಹಾಕುತ್ತಿರಲಿಲ್ಲ. ಗಂಟು ಹಾಕಿದ ಸ್ವೆಟರ್ ಮೈಗೆ ಒತ್ತುತ್ತದೆ, ಅದು ಸೋಮಾರಿಗಳ ಕೆಲಸ ಅನ್ನುವುದು ಅವಳ ಮತ. ಎರಡು ತುದಿಗಳ ಹುರಿ ಬಿಚ್ಚಿ, ಹಿಂಜಿ, ಒಂದರ ಮೇಲೊಂದಿಟ್ಟು, ಅಂಗೈಗೆ ‘ಥೂ’ ಅಂತ ಉಗುಳಿ, ಎರಡು ಅಂಗೈ ನಡುವೆ ಬಿಸಿಯಾಗುವವರೆಗೆ ಉಜ್ಜುವಳು. ಉಣ್ಣೆಗೆ ಉಣ್ಣೆ ಕಚ್ಚಿಕೊಂಡು ಒಂದೇ ಎಳೆಯಾಗುತ್ತಿತ್ತು. ಕೆಲಸ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಆ ಉಗುಳು! ಶಿಶುವಿಹಾರದಲ್ಲಿ ದಿನವಿಡೀ ಕೈ ತೊಳೆಸುವ ನನಗೆ ಹೊಟ್ಟೆ ತೊಳಸುತ್ತಿತ್ತು. ಕಡ್ಡಿಯೂ ಹಾಗೇ ಉಗುಳಿ ಉಜ್ಜುತ್ತಿದ್ದಳು, ನನ್ನ ಕಡೆಗೇ ತಿರುಗಿಕೊಂಡು.

ಒಂದು ಮಧ್ಯಾಹ್ನ ಅತ್ತಿಗೆ ಹೆಣೆದದ್ದನ್ನೆಲ್ಲ ಗಂಟು ಕಟ್ಟಿಕೊಂಡು ಅಂಗಡಿಗೆ ಕೊಡಲು ಹೋದಳು. ಕೋಣೆಯಲ್ಲಿ ನಾನು, ಹುಡುಗಿ ಇಬ್ಬರೇ. ನಾನು ದಪ್ಪ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ದಾರದ ಗೊಂಬೆ ಮಾಡುವುದು ಹೇಗೆ ಅಂತ ಗೋಡೆಗೆ ಹೇಳುತ್ತಿದ್ದೆ. ಪುಸ್ತಕದ ಸುತ್ತ ದಾರ ಸುತ್ತಬೇಕು, ಮೇಲ್ತುದಿಗೆ ಬಿಗಿದು ಕಟ್ಟಬೇಕು, ಕೆಳತುದಿಯಲ್ಲಿ ಕತ್ತರಿಸಬೇಕು; ಆಮೇಲೆ ಕತ್ತು, ಕೈ, ಕಾಲು ಬಿಗಿದರೆ ಗೊಂಬೆ ಎದ್ದು ಕೂರುತ್ತದೆ. “ದಾರ ಮಾತ್ರ ಇಲ್ಲ ನನ್ನ ಹತ್ರ,” ಅಂದೆ ಗೋಡೆಗೆ.

ಹಿಂದೆ ಏನೋ ಎಳೆದ ಸದ್ದು. ಸ್ವಲ್ಪ ಹೊತ್ತಿಗೆ ನನ್ನ ಮಡಿಲಿಗೆ ಒಂದು ಉಂಡೆ ಬಿತ್ತು. ಇಟ್ಟಿಗೆ ಬಣ್ಣದ, ಮಾಸಿದ, ಹಳೆಯ ಉಣ್ಣೆ.

“ಇದು ತಗೋ,” ಅಂದಳು ಕಡ್ಡಿ.

ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನನಗೆ ಕುಣಿಯುವ ಹಾಗಾಯಿತು. ಮಗು ತಾನಾಗಿ ತಂದ ಸಾಮಗ್ರಿಯನ್ನು ಬೇಡ ಅನ್ನಬಾರದು, ಎಲ್ಲಿಂದ ತಂದೆ ಅಂತ ಪೊಲೀಸರ ಹಾಗೆ ಕೇಳಬಾರದು ಅನ್ನುವುದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಹೊಸ ಟೀಚರುಗಳಿಗೆ ನಾನೇ ಅದನ್ನು ಹೇಳಿಕೊಡುವವಳು. ಕೇಳಲಿಲ್ಲ. ಸುತ್ತಿದೆ, ಕಟ್ಟಿದೆ, ಕತ್ತರಿಸಿದೆ. ಒಂದು ಗೊಂಬೆಯಾಯಿತು. ಅಪ್ಪ ಅಂತ ಹೆಸರಿಟ್ಟೆವು.

“ಇನ್ನೊಂದು,” ಅಂದಳು.

ಇನ್ನೊಂದು ಮಾಡಿದೆ. ಅದು ಅತ್ತೆ. ಮತ್ತೆ ಇನ್ನೊಂದು, ಮತ್ತೆ ಇನ್ನೊಂದು. ಅವಳು ಚಾಪೆಯ ಮೇಲೆ ನನಗೆ ತಾಗಿಕೊಂಡೇ ಕೂತು ಕತ್ತರಿಯ ಬಾಯನ್ನೇ ನೋಡುತ್ತಿದ್ದಳು. ಎಷ್ಟು ಆಸಕ್ತಿ ಮಗುವಿಗೆ ಅಂತ ನಾನು ಬೀಗಿದ್ದೇ ಬೀಗಿದ್ದು. ಉಂಡೆ ಕರಗುತ್ತ ಬಂತು.

“ನಂದೂ ಒಂದು ಮಾಡೋಣ್ವಾ?” ಅಂತ ಕೇಳಿದೆ, ನಾಚಿಕೆ ಬಿಟ್ಟು.

“ದಾರ ಮುಗೀತು,” ಅಂದಳು. ಎದ್ದು ಹೋಗಿ ಕಂಬಳಿಯೊಳಗೆ ಕೂತಳು.

ಅತ್ತಿಗೆ ಬಾಗಿಲು ತೆರೆದು ಒಳಗೆ ಬಂದು, ಕಿವಿಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಾ ಚಾಪೆಯ ಕಡೆ ನೋಡಿದಳು. ಬಿಚ್ಚುತ್ತಿದ್ದ ಕೈ ಅಲ್ಲೇ ನಿಂತಿತು. ಬೈಯುತ್ತಾಳೆ ಅಂತ ನಾನು ಸೊಂಟ ಕಟ್ಟಿದ್ದೆ. ಅವಳು ಬೈಯಲಿಲ್ಲ. ಮಂಡಿಯೂರಿ ಕೂತು ಒಂದು ಗೊಂಬೆಯನ್ನು ಎತ್ತಿಕೊಂಡು, ಅದರ ಕಾಲಿನ ಕತ್ತರಿಸಿದ ತುದಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

“ಇದು ಯಾರದು ಗೊತ್ತಾ ನಿನಗೆ?” ಅಂದಳು.

ಆಗ ಹೇಳಿದಳು. ಕಡ್ಡಿಯ ತಾಯಿ ಹೊಟ್ಟೆಯಲ್ಲಿ ಮಗು ಇದ್ದಾಗ ತನಗೆಂದು ಹೆಣೆದುಕೊಂಡ ಸ್ವೆಟರಿನ ಉಣ್ಣೆಯಂತೆ ಅದು. ಆಕೆ ಹೋದ ಮೇಲೆ ಅತ್ತಿಗೆ ಅದನ್ನು ಬಿಚ್ಚಿ ಕೂಸಿಗೆ ಅಂಗಿ ಹೆಣೆದಳು. ಮುಂದಿನ ಚಳಿಗೆ ಕೂಸು ಬೆಳೆಯಿತು. ಮತ್ತೆ ಬಿಚ್ಚಿ, ತೊಳೆದು, ಸುಕ್ಕು ಹೋಗಲೆಂದು ಭಾರ ಕಟ್ಟಿ ತೂಗುಹಾಕಿ, ದೊಡ್ಡದಾಗಿ ಹೆಣೆದಳು. ಪ್ರತಿ ಚಳಿಗೂ ಅದೇ ಉಣ್ಣೆ. ಸಾಲದೆ ಬಂದರೆ ತೋಳಿಗೆ, ಅಂಚಿಗೆ ಹೊಸದು. ಎದೆಗೆ, ಬೆನ್ನಿಗೆ ಮಾತ್ರ ಯಾವಾಗಲೂ ಇದೇ. ಈ ಸಲದ್ದಕ್ಕೆ ಬಿಚ್ಚಿ, ಸುತ್ತಿ, ಬೀರುವಿನ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳುವಷ್ಟು ಸಲುಗೆ ಆ ಮನೆಯಲ್ಲಿ ನನಗೆಲ್ಲಿತ್ತು!

“ನನ್ನ ತಮ್ಮ ಅವಳದ್ದು ಬೇರೆ ಏನನ್ನೂ ಇಟ್ಟುಕೊಂಡಿಲ್ಲ,” ಅಂದಳು ಅತ್ತಿಗೆ. “ಪ್ರತಿ ಸಲ ಬಂದಾಗ ಮಗು ಬೆನ್ನ ಮೇಲೆ ಕೈಯಾಡಿಸೋದು ಈ ಸ್ವೆಟರಿಗೆ. ಬೀರು ಮೇಲಿಂದ ಇದನ್ನ ತೆಗೆದವರು ಯಾರು?”

ನಾನು ಬೀರುವಿನ ಕಡೆ ನೋಡಿದೆ. ಅದರ ಮುಂದೆ ಒಂದು ಸ್ಟೂಲು ನಿಂತಿತ್ತು. ಮಧ್ಯಾಹ್ನ ಅದು ಒಲೆಯ ಪಕ್ಕದಲ್ಲಿತ್ತು. ಕಂಬಳಿಯೊಳಗಿಂದ ಎರಡು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಅವುಗಳಲ್ಲಿ ಭಯವಿರಲಿಲ್ಲ. ಕಾಯುತ್ತಿದ್ದವು ಅಷ್ಟೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೇಕೆ ನಾನು, ಕತ್ತರಿ ಹಿಡಿದುಕೊಂಡು ಕೂತಿದ್ದೆ. ಏಳು ವರ್ಷದ ಹುಡುಗಿ ನನ್ನ ಪಾಠದಿಂದಲೇ ನನ್ನನ್ನು ಕೆಡವಿದ್ದಳು. ಆ ಗಳಿಗೆಯಲ್ಲಿ ಅವಳ ಕೆನ್ನೆಗೆ ಎರಡು ಬಿಗಿಯಬೇಕು ಅಂತ ನನ್ನ ಕೈ ತುರಿಸಿತು.

“ನಾನೇ ತೆಗೆದೆ,” ಅಂದೆ.

ದೊಡ್ಡತನದಿಂದ ಹೇಳಿದ್ದಲ್ಲ. ಮಗುವಿನ ಮೇಲೆ ಚಾಡಿ ಹೇಳಿದರೆ ಅತ್ತಿಗೆ ಅದನ್ನು ಎದೆಗವಚಿಕೊಂಡು ‘ನೋಡಿದ್ಯಾ ಮಲತಾಯಿ ಬುದ್ಧಿ’ ಅನ್ನುತ್ತಿದ್ದಳು. ಆ ಸುಖವನ್ನು ಅವಳಿಗೆ ಕೊಡಲು ನಾನು ತಯಾರಿರಲಿಲ್ಲ.

ಅತ್ತಿಗೆ ಗೊಂಬೆಗಳ ಕತ್ತು ಬಿಚ್ಚಿದಳು. ಮೊಳದುದ್ದದ ಎಳೆಗಳೆಲ್ಲ ಚಾಪೆಯ ಮೇಲೆ ರಾಶಿಯಾದವು.

“ಇದನ್ನ ಮತ್ತೆ ಉಂಡೆ ಮಾಡು,” ಅಂದಳು. “ಒಂದು ಗಂಟು ಇರಬಾರದು. ನನ್ನ ತಮ್ಮ ಬರೋ ಹೊತ್ತಿಗೆ ಆಗಿದ್ರೆ ನಾನು ಬಾಯಿ ಬಿಡಲ್ಲ. ಆಗಿರಲಿಲ್ವೋ, ಈ ರಾಶೀನೇ ಅವನ ಕೈಗಿಡ್ತೀನಿ. ಆಮೇಲೆ ಮಗು ಯಾರ ಮನೇಲಿರಬೇಕು ಅಂತ ಅವನೇ ಹೇಳ್ತಾನೆ.”

“ಆಗೋ ಕೆಲಸಾನಾ ಅದು?”

“ನನ್ನ ಕೈಲಾಗುತ್ತೆ. ನಿನ್ನ ಕೈಲಾಗಲ್ಲ. ಅದಕ್ಕೇ ಹೇಳ್ತಿರೋದು.”

ಮರುದಿನ ಬೆಳಗ್ಗೆಯಿಂದ ಕೂತೆ. ಬಟ್ಟಲಲ್ಲಿ ಬಿಸಿನೀರು ಇಟ್ಟುಕೊಂಡೆ. ಉಗುಳುವ ಮಾತೇ ಇಲ್ಲ. ತುದಿ ಹಿಂಜಿದೆ, ಒದ್ದೆ ಮಾಡಿದೆ, ಉಜ್ಜಿದೆ. ಅಂಗೈ ಉರಿಯುವವರೆಗೆ ಉಜ್ಜಿದೆ. ಮೆಲ್ಲಗೆ ಎಳೆದು ನೋಡಿದರೆ ನನ್ನನ್ನು ಅಣಕಿಸುವ ಹಾಗೆ ಜಾರಿ ಎರಡಾಗುತ್ತಿತ್ತು. ಹತ್ತರಲ್ಲಿ ಒಂದು ನಿಂತರೆ ಪುಣ್ಯ. ಅತ್ತಿಗೆ ಎದುರಿಗೆ ಕೂತು ಹೆಣೆಯುತ್ತಾ ಪ್ರತಿ ಸಲ ಜಾರಿದಾಗಲೂ ‘ಹ್ಞೂಂ’ ಅನ್ನುತ್ತಿದ್ದಳು. ಹೊರಗೆ ಗಾಳಿ, ಒಳಗೆ ಆ ಹ್ಞೂಂಕಾರ. ಯಾವುದು ಹೆಚ್ಚು ಕೊರೆಯುತ್ತಿತ್ತೋ ಹೇಳಲಾರೆ.

ಅವಳು ಅಡುಗೆಗೆ ಎದ್ದು ಹೋದಾಗ ಕಂಬಳಿಯೊಳಗಿಂದ ದನಿ ಬಂತು.

“ನೀರಲ್ಲಿ ಆಗಲ್ಲ. ಉಗುಳಬೇಕು.”

“ಛೀ,” ಅಂದೆ.

“ಹಾಗಾದ್ರೆ ಆಗಲ್ಲ.”

ಎದ್ದು ಬಂದು ನನ್ನೆದುರು ಕೂತಳು. ಎರಡು ಎಳೆ ಎತ್ತಿಕೊಂಡು, ತುದಿಗಳನ್ನು ಹಲ್ಲಿನಿಂದ ಹಿಂಜಿ, ಅಂಗೈಗೆ ಉಗುಳಿ, ಆ ಕಡ್ಡಿಯಂಥ ಕೈಗಳನ್ನು ಬಿರುಸಾಗಿ ಉಜ್ಜಿದಳು. ನನ್ನ ಮುಂದೆ ಹಿಡಿದು ಎಳೆದು ತೋರಿಸಿದಳು. ಜಗ್ಗಲಿಲ್ಲ. ಮಗುವಿನ ಅಂಗೈ ಬಿಸಿ ಇರುತ್ತದೆ. ನನ್ನದು ಬಟ್ಟಲಿನ ನೀರಿನ ಜೊತೆ ತಣ್ಣಗಾಗುತ್ತಿತ್ತು. ಇದಕ್ಕೆ ಮೊದಲು ನನಗೆ ಅದು ಹೊಳೆದಿರಲಿಲ್ಲ.

“ನೀನು ಹೋಗ್ಲಿ ಅಂತ ಕೊಟ್ಟೆ ಅದನ್ನ,” ಅಂದಳು, ಇನ್ನೊಂದು ಎಳೆ ಎತ್ತಿಕೊಳ್ಳುತ್ತಾ.

“ಗೊತ್ತು.”

“ಅತ್ತೆಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ಮತ್ತೆ ಗೆದ್ದ ಹಾಗೆ.”

ಈ ಉತ್ತರ ಅವಳಿಗೆ ಅರ್ಥವಾಯಿತು, ಹಿಡಿಸಿತು ಕೂಡ. ಒಳ್ಳೆಯವಳ ಹಾಗೆ ‘ನಿನ್ನ ಮೇಲಿನ ಪ್ರೀತಿಗೆ’ ಅಂದಿದ್ದರೆ ಎದ್ದು ಹೋಗುತ್ತಿದ್ದಳು.

“ನಿಮ್ಮಮ್ಮನ ಉಣ್ಣೆ ಅಂತ ಗೊತ್ತಿತ್ತಲ್ಲ ನಿನಗೆ,” ಅಂದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಹೊಟ್ಟೆ ಉರೀಲಿಲ್ವಾ ಕತ್ತರಿಸೋವಾಗ?”

“ಉರೀತು,” ಅಂದಳು. “ಆದ್ರೂ ನೀನು ಹೋಗ್ಬೇಕಿತ್ತು.”

ಅದೊಂದೇ ಮಾತಿಗೆ ಆ ಹುಡುಗಿ ನನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತು. ಅಂಗೈಗೆ ಉಗುಳಿದೆ. ಹೇಸಿಗೆಯಾಯಿತು. ಉಜ್ಜಿದೆ.

“ಇನ್ನೂ ಉಗುಳು,” ಅಂದಳು. “ಜಿಪುಣಿ.”

ಅತ್ತಿಗೆ ಅಡುಗೆಮನೆಯಿಂದ ಬಂದು ನೋಡಿದಳು. ಅವಳ ಮುಖ ನೋಡಬೇಕಿತ್ತು. ಅಷ್ಟು ದಿನ ನಾನು ಕಾಗದ, ರಟ್ಟು, ಗೊಂಬೆ ಎಲ್ಲ ಸುರಿದರೂ ಕೂರದ ಮಗು ನನ್ನ ಮಂಡಿಗೆ ಮಂಡಿ ತಾಗಿಸಿ ಕೂತಿತ್ತು.

“ಕಡ್ಡಿ, ಎದ್ದು ಬಾ ಇಲ್ಲಿ. ಅದು ಅವಳು ಮಾಡಬೇಕಾದ ಕೆಲಸ.”

“ಚಟುವಟಿಕೆ ಮಾಡ್ತಿದ್ದೀನಿ ಅತ್ತೆ,” ಅಂದಳು ಕಡ್ಡಿ.

ತಾನಿಟ್ಟ ಹೆಸರು ತನಗೇ ಬಂದು ಬಡಿಯಿತು. ಅತ್ತಿಗೆ ಆ ಹೊತ್ತು ಊಟಕ್ಕೆ ಕೂರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಎರಡು ಸಲ ಬಡಿಸಿಕೊಂಡು ತಿಂದೆ.

ಆದರೆ ರಾಶಿ ಸುಲಭಕ್ಕೆ ಕರಗುವಂಥದ್ದಾಗಿರಲಿಲ್ಲ. ಬೆಳಗ್ಗೆಯಿಂದ ಕತ್ತಲಾಗುವವರೆಗೆ ಉಜ್ಜಿದರೂ ಉಂಡೆ ನಿಂಬೆಹಣ್ಣಿಗಿಂತ ದೊಡ್ಡದಾಗಲಿಲ್ಲ. ನನ್ನ ಅಂಗೈ ಸುಲಿದು ಕೆಂಪಾಯಿತು. ಕಡ್ಡಿ ನನ್ನ ಜೊತೆ ಒಳ್ಳೆಯ ಮಾತಾಡುತ್ತಿದ್ದಳು ಅಂತ ಅಲ್ಲ. ನಾನು ಮಾಡಿದ್ದನ್ನೆಲ್ಲ ಎಳೆದು ನೋಡಿ, ಬಿಟ್ಟುಕೊಂಡದ್ದನ್ನು ನನ್ನ ಮಡಿಲಿಗೆ ಎಸೆಯುತ್ತಿದ್ದಳು. “ಇದು ಕೆಟ್ಟದ್ದು. ಇದೂ ಕೆಟ್ಟದ್ದು.” ನನ್ನ ಶಿಶುವಿಹಾರದಲ್ಲಿ ನಾನು ಯಾವ ಮಗುವಿಗೂ ಹಾಗೆ ಹೇಳಿದವಳಲ್ಲ. ಹೇಳಿಸಿಕೊಂಡರೆ ಕೆಲಸ ಬೇಗ ಬರುತ್ತದೆ ಅನ್ನುವುದು ಈಗ ಗೊತ್ತಾಯಿತು.

ಗಂಡ ನಾವೆಣಿಸಿದ್ದಕ್ಕಿಂತ ಮೊದಲೇ ಬಂದರು. ಸರಕು ಬೇಗ ಇಳಿಯಿತಂತೆ. ಲಾರಿಯ ಸದ್ದು ಕೇ‍ಳಿದಾಗ ನಮ್ಮ ಮೂವರ ಕೈಯೂ ನಿಂತಿತು. ಉಂಡೆ ಕಿತ್ತಳೆಯಷ್ಟಾಗಿತ್ತು. ಕಾಲುಭಾಗಕ್ಕಿಂತ ಹೆಚ್ಚು ರಾಶಿ ಹಾಗೇ ಬಿದ್ದಿತ್ತು.

ಅವರು ಒಳಗೆ ಬಂದು, ಕೈಗೆ ಬಾಯಿಯ ಆವಿ ಊದಿಕೊಳ್ಳುತ್ತಾ, ನೆಲ ನೋಡಿದರು. ಬಣ್ಣ ಗುರುತು ಹಿಡಿಯಲು ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

“ಏನಕ್ಕಾ ಇದು?”

“ನಿನ್ನ ಹೆಂಡ್ತೀನೇ ಕೇಳು,” ಅಂದಳು ಅತ್ತಿಗೆ. ಮಾತಿನಂತೆ ನಡೆಯುವವಳು, ಉಂಡೆ ಆಗಿರಲಿಲ್ಲ, ಬಾಯಿ ಬಿಟ್ಟಳು. “ಬೀರು ಮೇಲಿಂದ ತೆಗೆದು ಕತ್ತರಿ ಹಾಕಿದ್ದಾಳೆ. ಗೊಂಬೆ ಮಾಡೋಕೆ.”

ಗಂಡ ನನ್ನ ಕಡೆ ತಿರುಗಿದರು. ಅವರು ಕೂಗುವ ಜಾತಿಯಲ್ಲ. ಮುಖದಿಂದ ರಕ್ತ ಇಳಿದು ಹೋಯಿತು, ಅಷ್ಟೆ. ನಾನು ಹೌದು ಅನ್ನಲು ಬಾಯಿ ತೆರೆದೆ.

“ನಾನು ತೆಗೆದಿದ್ದು,” ಅಂದಳು ಕಡ್ಡಿ. ಕಡ್ಡಿ ಮುರಿದ ಹಾಗೆ ಹೇಳಿದಳು. “ಸ್ಟೂಲು ಹಾಕ್ಕೊಂಡು ನಾನೇ ತೆಗೆದು ಇವಳಿಗೆ ಕೊಟ್ಟೆ. ಅಮ್ಮಂದು ಅಂತ ಇವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.”

ಅತ್ತಿಗೆ ಕೂತಿದ್ದಲ್ಲೇ ಕುಗ್ಗಿದಳು. ಅಷ್ಟು ವರ್ಷ ಬಿಚ್ಚಿ, ತೊಳೆದು, ಹೆಣೆದದ್ದು ಯಾರಿಗಾಗಿಯೋ ಅವಳೇ ಅದನ್ನು ಕತ್ತರಿಗೆ ಕೊಟ್ಟಿದ್ದಳು. ಕಂಡರಾಗದ ಹೆಂಗಸಾದರೂ ಆ ಮುಖವನ್ನು ನನಗೆ ನೋಡಲಾಗಲಿಲ್ಲ, ಒಲೆಯ ಕಡೆ ತಿರುಗಿದೆ.

“ಯಾಕೆ ಕೊಟ್ಟೆ ಮಗಳೇ?” ಅಂದರು ಗಂಡ.

“ಇವಳು ಹೋಗ್ಲಿ ಅಂತ.”

ಅವರು ಬಗ್ಗಿ ಒಂದು ಎಳೆ ಎತ್ತಿಕೊಂಡು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ, “ಸರಿ,” ಅಂದರು. “ಬಲವಂತ ಮಾಡಲ್ಲ ಅಂದಿದ್ದೆ. ಅಷ್ಟು ಬೇಡ ಅಂದ್ರೆ ಬೇಡ. ನೀನು ಅತ್ತೆ ಹತ್ರ ಇರು.” ನನ್ನ ಕಡೆ ತಿರುಗಿ, “ನಡಿ, ನಿನ್ನ ಚೀಲ ತಗೋ,” ಅಂದರು.

ನನ್ನ ಮಾನ ಉಳಿಸಿದ ಮಾತೇ ನನ್ನ ಮಗುವನ್ನು ಕಿತ್ತುಕೊಂಡಿತು. ನನ್ನ ಸುಳ್ಳೇ ನಿಂತಿದ್ದರೆ ಒಂದು ದಿನ ಅವರ ಸಿಟ್ಟು ಇಳಿದೀತು ಅಂತ ಕಾಯಬಹುದಿತ್ತು. ನಿಜಕ್ಕೆ ಎದುರಾಡುವುದು ಹೇಗೆ? ಹಳದಿ ಮಂಚ ಕಣ್ಣ ಮುಂದೆ ಬಂತು. ಕಾಗದ, ಗೋಂದು, ಗುಂಡಿ ಎಲ್ಲ ಚೀಲಕ್ಕೆ ತುಂಬಿದೆ. ಕತ್ತರಿಯನ್ನು ಎತ್ತಿಕೊಳ್ಳಲು ನಾಚಿಕೆಯಾಗಿ ಅಲ್ಲೇ ಬಿಟ್ಟೆ. ಎದ್ದು ಬಾಗಿಲ ತನಕ ಹೋದೆ. ಗಂಡ ಬಾಗಿಲು ತೆರೆದರು. ಚಳಿ ನುಗ್ಗಿತು.

“ಅತ್ತೆ,” ಅಂತ ಹಿಂದಿನಿಂದ ದೂರುವ ದನಿ ಕೇಳಿತು. “ಇವಳು ಮುಗಿಸದೇನೇ ಚಾಪೆಯಿಂದ ಎದ್ದು ಹೋಗ್ತಿದ್ದಾಳೆ.”

ತಿರುಗಿ ನೋಡಿದೆ. ಕಡ್ಡಿ ಕೈಯಲ್ಲಿ ಎರಡು ಎಳೆ ಹಿಡಿದುಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

“ನೀನೇ ಹೇಳಿದ್ದು, ಹಿಡಿದ ಕೆಲಸ ಬಿಟ್ಟು ಏಳಬಾರದು ಅಂತ. ಸುಳ್ಳಿ.”

ನಾನು ಗಂಡನ ಮುಖ ನೋಡಿದೆ. ಅವರು ಅಕ್ಕನ ಮುಖ ನೋಡಿದರು. ಅಕ್ಕ ತಮ್ಮನ ಮೇಲೆ ಹರಿಹಾಯ್ದಳು. “ಬಾಗಿಲು ಹಾಕೋ, ಕೋಣೆಯೆಲ್ಲ ತಣ್ಣಗಾಗ್ತಿದೆ. ಇದು ಮುಗಿಯೋವರೆಗೂ ಯಾರೂ ಎಲ್ಲಿಗೂ ಹೋಗೋದಿಲ್ಲ.”

ಚೀಲ ಇಟ್ಟು ಚಾಪೆಗೆ ಬಂದು ಕೂತೆ. ಅತ್ತಿಗೆಯೂ ಕೂತಳು, ಎದುರಿಗೆ. ತನ್ನ ಹೆಣಿಗೆಯನ್ನು ಪಕ್ಕಕ್ಕಿಟ್ಟು ಮೊದಲ ಸಲ ಆ ರಾಶಿಗೆ ಕೈ ಹಾಕಿದಳು. ಗಂಡ ಒಲೆಗೆ ಕಟ್ಟಿಗೆ ತುರುಕುತ್ತಾ ಯಾರಿಗೂ ಅಡ್ಡ ಬರದಂತೆ ಮೂಲೆ ಹಿಡಿದರು. ಬಹಳ ಹೊತ್ತು ಉಜ್ಜುವ ಸದ್ದು, ಉಗುಳುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಬ್ಬರನ್ನೊಬ್ಬರು ನೋಡುವಷ್ಟು ಒಳ್ಳೆಯ ಮನಸ್ಸು ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

“ಸ್ವೆಟರ್ ಆದ ಮೇಲೆ ಬರ್ತೀನಿ ನಿಮ್ಮನೆಗೆ,” ಅಂದಳು ಕಡ್ಡಿ ಇದ್ದಕ್ಕಿದ್ದಂತೆ, ತಲೆಯೆತ್ತದೆ. “ಅದಕ್ಕೆ ಮೊದಲು ಬರಲ್ಲ.”

ಅತ್ತಿಗೆಯ ಅಂಗೈ ಅಲ್ಲೇ ನಿಂತಿತು. ಕಣ್ಣು ಒದ್ದೆಯಾಗಿತ್ತೋ ಏನೋ, ಬಗ್ಗಿದ್ದರಿಂದ ಕಾಣಲಿಲ್ಲ. ಕೊನೆಗೆ ನಾನು ಆಗಷ್ಟೇ ಸೇರಿಸಿದ್ದ ಎಳೆಯನ್ನು ನನ್ನ ಕೈಯಿಂದ ಕಸಿದುಕೊಂಡು ಎರಡೂ ಕಡೆ ಹಿಡಿದು ಜಗ್ಗಿದಳು. ಅದು ಜಾರಿ ಎರಡಾಯಿತು.

“ಕೈ ಚಾಚು,” ಅಂದಳು.

ಚಾಚಿದೆ. ಬಿಟ್ಟುಕೊಂಡ ಎರಡು ತುದಿಗಳನ್ನು ಮತ್ತೆ ನನ್ನ ಅಂಗೈ ಮೇಲೆ ಒಂದರ ಮೇಲೊಂದು ಇಟ್ಟಳು. ಅಷ್ಟು ದಿನದಿಂದ ನನ್ನ ಮುಖಕ್ಕೆ ಉಗುಳಬೇಕೆಂದು ಕಾದಿದ್ದ ಹೆಂಗಸು ಬಗ್ಗಿ ನನ್ನ ಅಂಗೈಗೆ ಉಗುಳಿದಳು.

“ಇಷ್ಟು ಬೇಕು,” ಅಂದಳು. “ಗಟ್ಟಿಯಾಗಿ ಉಜ್ಜು. ಅಲ್ಲಿ ನಿಮ್ಮನೇಲಿ ಬಿಟ್ಟುಕೊಂಡ್ರೆ ಸೇರಿಸಿಕೊಡೋಕೆ ನಾನಿರಲ್ಲ.”